ಪೆಡಲಿನ ಕೆಳಗಿನ ಬೋಲ್ಟು

ಮೂರು ಭಾನುವಾರ ಅಲೆದು ಆರಿಸಿದ ಕಾರನ್ನು ಭಾವ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಬೇಡ ಅಂದುಬಿಟ್ಟರು. ಆಮೇಲೆ ಆಗಬಾರದ್ದೆಲ್ಲ ಆಗಿಹೋಯಿತು, ಅದರ ಮುಂದೆ ಇದು ಸಾಸಿವೆ ಕಾಳಿನಷ್ಟೂ ಅಲ್ಲ. ಆದರೂ ಕಿಡಿ ಇವತ್ತಿಗೂ ಮೊದಲು ಹಲ್ಲು ಕಡಿಯುವುದು ಇದಕ್ಕೇ. ಬೇಡ ಅನ್ನಲಿ, ಕಾರು ಅವರ ಮಗಳಿಗೆ. ಆದರೆ ಒಂದು ಸಲ ಒಳಗೆ ಕೂತು ನೋಡಿ ಬೇಡ ಅನ್ನಬಹುದಿತ್ತಲ್ಲ. ಬಾಗಿಲು ಕೂಡ ತೆಗೆಯಲಿಲ್ಲ. ಚಪ್ಪಲಿ ತುದಿಯಿಂದ ಟೈರಿಗೆ ತಟ್ಟಿ, "ಇದೇನಪ್ಪ ಇದು, ಹೊಲಿಗೆ ಮೆಷಿನ್ನಿಗೆ ಚಕ್ರ ಹಾಕ್ಕೊಂಡು ಬಂದಿದೀಯ" ಅಂದು ನಕ್ಕರು.

ಕಿಡಿ ಅನ್ನುವುದು ಗ್ಯಾರೇಜಿನಲ್ಲಿ ಬಿದ್ದ ಹೆಸರು. ಮುಟ್ಟಿದರೆ ಪ್ಲಗ್ಗಿನ ಹಾಗೆ ಸಿಡಿಯುತ್ತಾನೆ ಅಂತ ಪಕ್ಕದ ಶೆಡ್ಡಿನ ಪೇಂಟರು ಇಟ್ಟದ್ದು. ಇಟ್ಟ ದಿನ ಪೇಂಟರ ಡಬ್ಬಿಯೊಂದು ಚರಂಡಿ ಸೇರಿತು, ಹೆಸರು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ತಪ್ಪಿಲ್ಲದೆ ಕಿವಿ ಹಿಂಡಿದರೆಂದು ಚೀಲವನ್ನು ಕಿಟಕಿಯಿಂದಾಚೆ ಎಸೆದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಂದು ಉಗುರಿಗೆ ಹತ್ತಿದ ಗ್ರೀಸು ಇನ್ನೂ ಬಿಟ್ಟಿಲ್ಲ. ಕಟ್ಟಿಕೊಂಡವಳು ಇವನ ಬಾಯಿಗೆ ಸೋತು ತವರಿಗೆ ಹೋದಳು, ಅಲ್ಲೇ ಉಳಿದಳು. ಗ್ಯಾರೇಜಿನ ಮೇಲೆ ಒಂದು ಕೋಣೆ. ಅದರಲ್ಲಿ ಒಂದು ಮಂಚ, ಒಂದು ಒಲೆ, ಕಿಟಕಿಯಲ್ಲಿ ಹಳೇ ಹೆಡ್‌ಲೈಟಿನ ಗಾಜಿನ ಬಟ್ಟಲಲ್ಲಿ ಒಂದು ಗಿಡ. ಗಿಡ ನೆಟ್ಟವಳು ಗುಬ್ಬಿ.

ಗುಬ್ಬಿ ಅಂದರೆ ಅಕ್ಕನ ಮಗಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುತ್ತಿದ್ದಳು, ಹಾಗಾಗಿ ಆ ಹೆಸರು. ಈಗ ಅಪ್ಪನಿಗಿಂತ ಎತ್ತರ. ಶಾಲೆ ಬಿಟ್ಟ ಕೂಡಲೇ ಮಾವನ ಗ್ಯಾರೇಜಿಗೆ ಬಂದು ಹಳೇ ಸೀಟಿನ ಮೇಲೆ ಕೂತು ಪಾಠ ಓದಿ ಬೆಳೆದವಳು. ಊರಲ್ಲಿ ಕಿಡಿ ದನಿ ಏರಿಸದೆ ಮಾತಾಡುತ್ತಿದ್ದದ್ದು ಇವಳೊಬ್ಬಳ ಜತೆ. ಅವಳಿಗೆ ದಿಬ್ಬದಾಚೆಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬೆಳಗಿನ ಪಾಳಿಯ ಹೊತ್ತಿಗೆ ಆ ಕಡೆ ಹೋಗುವ ಬಸ್ಸಿಲ್ಲ. ಹಾಗೆ ಎದ್ದದ್ದು ಕಾರಿನ ಮಾತು.

ಕಿಡಿ ಅವಳನ್ನು ಕೂರಿಸಿಕೊಂಡೇ ಹುಡುಕಿದ. ಕೊನೆಗೆ ಒಬ್ಬ ನಿವೃತ್ತ ಗುಮಾಸ್ತರ ಬಳಿ ಒಂದು ಚಿಕ್ಕ ಬಿಳಿ ಕಾರು ಸಿಕ್ಕಿತು. ಅದನ್ನು ದಿಬ್ಬದ ರಸ್ತೆಗೇ ಒಯ್ದು ಅವಳ ಕೈಗೆ ಕೊಟ್ಟ.

"ಮಾವ, ಇದರ ಇಂಜಿನ್ನಿಗೆ ಎಷ್ಟು ಕುದುರೆ ಶಕ್ತಿ?"

"ಎಪ್ಪತ್ತು."

"ನಮ್ಮ ಕ್ಲಾಸಿನವಳ ಅಣ್ಣನ ಕಾರಲ್ಲಿ ನೂರೈವತ್ತಂತೆ."

"ಅಷ್ಟು ಕುದುರೆ ಕಟ್ಕೊಂಡು ಅವನೇನು ದಿಬ್ಬಣ ಹೊರಟಿದಾನಾ? ಹೊಸ ಕಾಲು ಒಂದಿಂಚು ಜಾಸ್ತಿ ಒತ್ತಿತು ಅಂತಿಟ್ಕೋ. ಇದು ಸ್ವಲ್ಪ ಮುಂದೆ ಹೋಗುತ್ತೆ. ಅದು ಎದುರು ಮನೆ ಜಗಲಿ ಮೇಲೆ ಹೋಗಿ ಕೂರುತ್ತೆ."

"ಹಾಗಾದ್ರೆ ಕಮ್ಮಿ ಇದ್ದಷ್ಟೂ ಒಳ್ಳೇದಾ?"

"ಅದೂ ಅಲ್ಲ ಕಣೆ. ತೀರಾ ಕಮ್ಮಿ ಆದ್ರೆ ಲಾರಿ ಪಕ್ಕದಲ್ಲಿ ಸಿಕ್ಕಾಕ್ಕೊಂಡು ಒದ್ದಾಡ್ತೀಯ. ತಪ್ಪಿಸ್ಕೊಂಡು ಹೋಗೋ ಅಷ್ಟು ಜೀವ ಇರ್ಬೇಕು. ಈ ಆಕ್ಸಿಲರೇಟರ್ ಪೆಡಲ್ ನೋಡು, ಪೂರ್ತಿ ಯಾವತ್ತೂ ಒತ್ಬೇಡ. ಕೊನೇದೊಂದು ಬೆರಳಗಲ ಆಪತ್ತಿಗೆ ಅಂತ ಇಟ್ಕೋ. ಬೇಕಾದ ದಿನ ಒತ್ತು, ಅದು ಕೈ ಬಿಡಲ್ಲ."

ಗುಬ್ಬಿ ತಲೆಯಾಡಿಸಿದಳು. ಬಿಳಿ ಕಾರು ಏದುಸಿರು ಬಿಡುತ್ತ ದಿಬ್ಬ ಹತ್ತಿತು. ತುದಿಯಲ್ಲಿ ಕಿಡಿ ಒಂದೇ ಸಲ "ಈಗ ಒತ್ತು" ಅಂದ. ಅವಳು ಒತ್ತಿದಳು. ಕಾರು ಒಂದು ಗುಟುಕು ನೀರು ಕುಡಿದ ಕರುವಿನ ಹಾಗೆ ಮುಂದಕ್ಕೆ ನೆಗೆಯಿತು. ಅವಳು ನಕ್ಕಳು.

ಈ ಕಾರನ್ನೇ ಭಾವ ಹೊಲಿಗೆ ಮೆಷಿನ್ನು ಅಂದದ್ದು. ಭಾವನದು ಬಚ್ಚಲಮನೆ ಸಾಮಾನಿನ ಅಂಗಡಿ, ಹೊಳೆಯುವ ನಲ್ಲಿ, ಹೊಳೆಯುವ ಟೈಲ್ಸು. ಹೊಳೆಯದ್ದು ಅವರ ಕಣ್ಣಿಗೆ ಹಿಡಿಯುವುದಿಲ್ಲ. ಹತ್ತು ದಿನ ಕಳೆದಿರಲಿಲ್ಲ, ಗ್ಯಾರೇಜಿನ ಮುಂದೆ ಕನ್ನಡಿಯಂಥ ಕಪ್ಪು ಕಾರು ಬಂದು ನಿಂತಿತು. ನೂರೈವತ್ತು ಕುದುರೆಯದು. ಭಾವ ಇಳಿದರು, ಮುಖದಲ್ಲಿ ಕಾರಿನಷ್ಟು ಹೊಳಪಿರಲಿಲ್ಲ.

"ನಿಮ್ಮಕ್ಕ ಗಲಾಟೆ ಎಬ್ಬಿಸಿದಾಳೆ ಕಣಯ್ಯ. ಇಷ್ಟು ದೊಡ್ಡದು ಮಗು ಕೈಗೆ ಕೊಡ್ತೀರಾ ಅಂತ ಊಟ ಬಿಟ್ಟು ಕೂತಿದಾಳೆ."

"ಸರಿಯಾಗೇ ಕೂತಿದಾಳೆ."

"ಡ್ರೈವಿಂಗ್ ಸ್ಕೂಲಿನ ಕಾರಿಗೆ ಪೆಡಲ್ ಕೆಳಗೆ ಏನೋ ಹಾಕ್ತೀಯಲ್ಲ, ಜಾಸ್ತಿ ಓಡದ ಹಾಗೆ. ಅದನ್ನ ಇದಕ್ಕೂ ಹಾಕಿಬಿಡು."

ಕಿಡಿ ಕೈಯಲ್ಲಿದ್ದ ಸ್ಪ್ಯಾನರನ್ನು ಡಬ್ಬಿಗೆ ಎಸೆದ. "ಅಲ್ಲಿ ಪಕ್ಕದಲ್ಲಿ ಕಲಿಸೋನು ಕೂತಿರ್ತಾನೆ ಭಾವ. ಅವು ಮೈದಾನ ಬಿಟ್ಟು ಆಚೆ ಹೋಗಲ್ಲ. ಕುದುರೆ ತಂದು ಕಾಲು ಕಟ್ಟು ಅಂತೀರಲ್ಲ, ಮೊದ್ಲೇ ಕತ್ತೆ ತರಬಹುದಿತ್ತು."

"ಮೂರು ತಿಂಗಳು ಅಷ್ಟೇ. ಅಷ್ಟರಲ್ಲಿ ಕೈ ಕೂರುತ್ತೆ. ಕಾರು ವಾಪಸ್ ತಗೊಳ್ಳಲ್ಲ ಅಂತಾನೆ ಮಾರಿದೋನು. ನೀನು ಮಾಡ್ಲಿಲ್ಲ ಅಂದ್ರೆ ಹೀಗೇ ಓಡಿಸ್ತಾಳೆ, ನೋಡು."

ಈ ಕೊನೆಯ ಮಾತು ಕಿಡಿಯನ್ನು ಕಟ್ಟಿಹಾಕಿತು. ನೂರೈವತ್ತು ಕುದುರೆ ಪೂರ್ತಿ ಬಿಚ್ಚಿಕೊಂಡು ಗುಬ್ಬಿ ಕಾಲ ಕೆಳಗೆ ಇರುವುದು ಅವನ ಕಣ್ಣಿಗೆ ಕಟ್ಟಿತು. ಬೈಯುತ್ತಲೇ ಸೀಟಿನ ಕೆಳಗೆ ತಲೆ ತೂರಿಸಿ, ಪೆಡಲ್ ಅರ್ಧಕ್ಕೇ ತಾಗಿ ನಿಲ್ಲುವ ಹಾಗೆ ಒಂದು ಬೋಲ್ಟು ಬಿಗಿದ. ಆಮೇಲೆ ಕೆಂಪು ಟೇಪು ತಂದು ಸ್ಟಿಯರಿಂಗಿನ ನೆತ್ತಿಗೆ ಮೂರು ಸುತ್ತು ಸುತ್ತಿದ. ಪೆಡಲ್ ಕಟ್ಟಿದ ಕಾರಿಗೆ ಕೆಂಪು ಟೇಪು ಸುತ್ತಬೇಕು, ಬೋಲ್ಟು ಬಿಚ್ಚಿದವನೇ ಟೇಪೂ ಬಿಚ್ಚಬೇಕು. ಅದು ಆ ಬೀದಿಯ ಗ್ಯಾರೇಜುಗಳ ಕಟ್ಟುಪಾಡು. ಗುಬ್ಬಿಗೆ ಇದು ಅ ಆ ಕಲಿಯುವ ಮುಂಚೆ ಗೊತ್ತು. ಟೇಪು ಕಂಡರೆ ಸಾಕು, ಕಾಲಡಿ ಅರ್ಧವೇ ಇದೆ ಅಂತ ತಿಳಿದುಕೊಳ್ಳುತ್ತಾಳೆ.

"ಇದನ್ನ ಮುಟ್ಬೇಡಿ. ಬಾಯಲ್ಲೂ ಹೇಳಿ ಅವಳಿಗೆ. ಇದು ಬಿಚ್ಚೋತನಕ ದಿಬ್ಬದ ರಸ್ತೆ ಬೇಡ ಅನ್ನಿ. ಕಾಲೇಜಿಗೆ ಅಲ್ಲೀವರೆಗೆ ನೀವೇ ಬಿಟ್ಟು ಬನ್ನಿ."

"ಹೇಳ್ತೀನಪ್ಪ, ಹೇಳ್ದೆ ಇರ್ತೀನಾ? ನಿಮ್ಮಕ್ಕಂಗೆ ಮಾತ್ರ ನೀನೇನೂ ಹೇಳ್ಬೇಡ. ಕಾಲು ಕಟ್ಟಿಸ್ಕೊಂಡು ತಂದಿದೀರಾ ಅಂತ ಆಡ್ಕೋತಾಳೆ. ಇಂಜಿನ್ನೇ ಸಾಧು ಅಂತ ಹೇಳಿದೀನಿ."

ಕಾರು ಕೊಡುವ ದಿನ ಅಕ್ಕ ಕರೆದರೂ ಕಿಡಿ ಹೋಗಲಿಲ್ಲ. ಹೊಲಿಗೆ ಮೆಷಿನ್ನು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವತ್ತು ಮನೆ ಮುಂದೆ ನೆಂಟರು ನಿಂತಿದ್ದರು, ಭಾವ ಕಾರಿಗೆ ರೇಷ್ಮೆ ಪಟ್ಟಿ ಕಟ್ಟಿಸಿದ್ದರು. ಅಷ್ಟು ಚೆಂದದ ಸ್ಟಿಯರಿಂಗಿನ ಮೇಲೆ ಗಾಯಕ್ಕೆ ಸುತ್ತಿದ ಹಾಗೆ ಕೆಂಪು ಟೇಪು. ಭಾವ ಅದನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಅಂಟನ್ನು ಕರವಸ್ತ್ರದಿಂದ ಒರೆಸಿ ಬೀಗದ ಕೈ ಕೊಟ್ಟರು. ಬಾಯಲ್ಲಿ ಹೇಳುವುದನ್ನು ನಾಳೆಗೆ ಇಟ್ಟುಕೊಂಡರು. ನೆಂಟರ ಮುಂದೆ ದೊಡ್ಡ ಕಾರು ಕೊಟ್ಟ ಅಪ್ಪ, ಅದರಲ್ಲಿ ಅರ್ಧ ಕಟ್ಟಿದೀನಿ ಅಂತ ಹೇಗೆ ಹೇಳಿಯಾನು? ಆ ನಾಳೆ ಬರಲೇ ಇಲ್ಲ.

ಗುಬ್ಬಿ ಆಗಾಗ ಫೋನು ಮಾಡುತ್ತಿದ್ದಳು. "ಚೆನ್ನಾಗಿದೆ ಮಾವ. ನೀವು ಹೇಳಿದ ಹಾಗೇ ಓಡಿಸ್ತಿದೀನಿ, ಪೂರ್ತಿ ಒತ್ತೇ ಇಲ್ಲ." ಟೇಪು ನೋಡಿಯೇ ಹೀಗೆ ಅನ್ನುತ್ತಿದ್ದಾಳೆ ಅಂದುಕೊಂಡ ಕಿಡಿ. ಊರೊಳಗಿನ ಬೀದಿಗೆ ಅರ್ಧ ಪೆಡಲೇ ಹೆಚ್ಚು. ಅವಳ ಕಾಲು ಆ ಬೋಲ್ಟಿನವರೆಗೆ ಒಂದು ಸಲವೂ ಹೋಗಿರಲಿಲ್ಲ.

ಕಾಲೇಜು ಶುರುವಾದ ದಿನ ಅವಳು ಒಬ್ಬಳೇ ದಿಬ್ಬದ ರಸ್ತೆ ಹಿಡಿದಳು. ಮುಂದೆ ಜಲ್ಲಿ ತುಂಬಿದ ಲಾರಿ ತೆವಳುತ್ತಿತ್ತು. ರಸ್ತೆ ಖಾಲಿ ಕಂಡಿತು. ಪಕ್ಕಕ್ಕೆ ತೆಗೆದು ಅರ್ಧ ದಾಟಿದ್ದಳು, ದಿಬ್ಬದ ತುದಿಯಲ್ಲಿ ಆ ಕಡೆಯಿಂದ ಊರಿಗೆ ಬರುವ ಬಸ್ಸಿನ ನೆತ್ತಿ ಮೂಡಿತು. ಅವಳು ಹೆದರಲಿಲ್ಲವಂತೆ. ಮಾವ ಹೇಳಿಕೊಟ್ಟ ಆ ಬೆರಳಗಲ ಇದೆಯಲ್ಲ ಅಂತ ಒತ್ತಿದಳಂತೆ. ಟಕ್ ಅಂತ ಸದ್ದಾಯಿತು, ಕಾರು ಇದ್ದಷ್ಟೇ ಇತ್ತು.

ಬಸ್ಸಿಗೆ ಗುದ್ದದೆ ಹಳ್ಳಕ್ಕೆ ತಿರುಗಿಸಿದಳು. ಪ್ರಾಣ ಉಳಿಯಿತು. ಬಲಗಾಲು ಮಂಡಿಯಿಂದ ಕೆಳಗೆ ಉಳಿಯಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ವಿಮೆಯವನು ಬಂದು ಅಕ್ಕನ ಕೈಗೆ ಒಂದು ಬೋಲ್ಟಿಟ್ಟು, ಪೆಡಲ್ ಕೆಳಗೆ ಇದನ್ನು ಹಾಕಿದ್ದು ಯಾರು ಅಂತ ಕೇಳಿದ. ಅಕ್ಕ ತಿರುಗಿ ತಮ್ಮನ ಮುಖ ನೋಡಿದಳು. ಆ ಕೈಕೆಲಸ ಅವಳಿಗೆ ಗುರುತಿಲ್ಲದೆ ಇರುತ್ತದೆಯೇ?

"ನೀನೇನೋ?"

"ನಾನೇ. ಯಾಕೆ ಅಂತ ಭಾವನ್ನ ಕೇಳು. ಟೇಪು ಏನಾಯ್ತು ಅಂತಲೂ ಕೇಳು."

ಭಾವ ಗೋಡೆ ನೋಡುತ್ತಿದ್ದರು. "ಈಗ ಅದೆಲ್ಲ ಯಾಕೆ? ಮಗು ಮೊದಲು ಹುಷಾರಾಗಲಿ" ಅಂದರು. ದೊಡ್ಡ ಮನುಷ್ಯರ ಮಾತಿನ ಹಾಗೆ ಕೇಳಿಸಿತು ಅದು. ಕಿಡಿ ಕೂಗಾಡಿದ. ಕೂಗಾಡಿದಷ್ಟೂ ತಪ್ಪು ಅವನದೇ ಅಂತ ಕಾಣಿಸಿತು. ಹುಟ್ಟಾ ಸಿಡುಕನ ಮಾತನ್ನು ಯಾರು ನಂಬುತ್ತಾರೆ? ಭಾವನ ಕಾರು ಅಂದರೆ ಉರಿ, ಅದಕ್ಕೇ ಹೀಗೆ ಮಾಡಿದ ಅಂತ ಅಕ್ಕನೇ ಅಂದಳು. ಅವನನ್ನು ಆಚೆ ಕಳಿಸಿದರು. ಹೋಗುವ ಮುಂಚೆ ಬಾಗಿಲ ಸಂದಿಯಿಂದ ಗುಬ್ಬಿಯನ್ನು ನೋಡಿದ. ಅವಳೂ ನೋಡಿದಳು.

"ಮಾವ, ಕಾಲಡಿ ಏನೂ ಉಳಿದಿರ್ಲಿಲ್ಲ" ಅಂದಳು. ಬೈದ ಹಾಗಿರಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅದಾದ ಮೇಲೆ ಅವಳು ಅವನ ಹತ್ತಿರ ಮಾತಾಡಿಲ್ಲ.

ಒಂದು ಮಧ್ಯಾಹ್ನ ಭಾವ ಗ್ಯಾರೇಜಿಗೆ ಬಂದರು. ಹಳೇ ಸೀಟಿನ ಮೇಲೆ ಕೂತರು, ಗುಬ್ಬಿ ಕೂತು ಓದುತ್ತಿದ್ದ ಸೀಟು ಅದು. ತುಂಬ ಹೊತ್ತು ಕೈಯಲ್ಲಿ ಕರವಸ್ತ್ರ ಮಡಿಸಿದರು, ಬಿಚ್ಚಿದರು.

"ನಾನೇ ಕಿತ್ತಿದ್ದು. ಹೇಳೋಣ ಅಂತಾನೇ ಇದ್ದೆ."

"ನನಗ್ಯಾಕೆ ಹೇಳ್ತೀಯ?" ಇಪ್ಪತ್ತು ವರ್ಷದಲ್ಲಿ ಕಿಡಿ ಭಾವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನನಗೆ ಗೊತ್ತಿರೋದೇ. ಅವಳಿಗೆ ಹೇಳು. ಮಾವ ಟೇಪು ಸುತ್ತಿದ್ದ ಅನ್ನೋದೊಂದು ಅವಳ ಕಿವಿಗೆ ಬೀಳಲಿ. ಬೇರೇನೂ ಬೇಡ ನನಗೆ."

"ಹೇಳ್ತೀನಿ. ಈಗ ಅವಳು ನಂಬ್ಕೊಂಡಿರೋದು ನನ್ನೊಬ್ಬನ್ನೇ ಕಣಯ್ಯ. ಹೊಸ ಕಾಲು ಹಾಕಿಸ್ಕೊಂಡು ನಾಲ್ಕು ಹೆಜ್ಜೆ ನಡೀಲಿ. ಆಮೇಲೆ ನಾನೇ ಹೇಳ್ತೀನಿ, ನಿನಗೆ ಬಾಕಿ ಇಟ್ಕೊಳ್ಳಲ್ಲ."

ಹೊಸ ಕಾಲು ಬಂತು. ಗುಬ್ಬಿ ನಾಲ್ಕಲ್ಲ, ಬೀದಿಯ ತುದಿವರೆಗೂ ನಡೆದಳು. ನರ್ಸಿಂಗ್ ಸೀಟು ಬೇರೆ ಯಾರಿಗೋ ಹೋಯಿತು. ಅವಳು ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಾಳೆ. ಕಿಡಿ ಎಂಜಿನ್ನುಗಳನ್ನು ಬಿಚ್ಚುತ್ತಾನೆ, ಜೋಡಿಸುತ್ತಾನೆ. ಡ್ರೈವಿಂಗ್ ಸ್ಕೂಲಿನವರು ಎಷ್ಟು ಬೇಡಿಕೊಂಡರೂ ಅವರ ಕಾರುಗಳ ಪೆಡಲ್ ಮಾತ್ರ ಮುಟ್ಟುವುದಿಲ್ಲ. ಕಿಟಕಿಯ ಗಿಡ ಒಣಗಿದೆ. ಗಾಜು ಎತ್ತಿಡಲು ಮನಸ್ಸಾಗದೆ ಹಾಗೇ ಬಿಟ್ಟಿದ್ದಾನೆ.

ಮೊನ್ನೆ ಭಾವ ತಮ್ಮ ಕಾರಿನ ಬ್ರೇಕು ತೋರಿಸಲು ಬಂದಿದ್ದರು. ಹಿಂದಿನ ಸೀಟಿನಲ್ಲಿ ಗುಬ್ಬಿ ಇದ್ದಳು. ಕಿಡಿ ಬ್ರೇಕು ಸರಿಮಾಡಿ ಎದ್ದು, ಗಾಜಿನ ಮೂಲಕ ಭಾವನ ಕಡೆ ನೋಡಿದ. ಭಾವನ ತುಟಿ ಅಲುಗಿತು. ಆಮೇಲೆ ಅವರು ಕನ್ನಡಿಯಲ್ಲಿ ಮಗಳನ್ನು ನೋಡಿ, "ಹೋಗೋಣೇನಮ್ಮ?" ಅಂದರು. ಅವಳು ಹೂಂ ಅಂದಳು. ಕಾರು ಹೋಯಿತು.

ಪಕ್ಕದ ಶೆಡ್ಡಿನಿಂದ ಪೇಂಟರು ಕೂಗಿದರು, "ಏನಯ್ಯ ಕಿಡಿ, ಮಜೂರಿ ಕೊಡದೆ ಹೊರಟ್ರಲ್ಲ ನಿಮ್ಮ ಭಾವ."

"ಬಾಕಿ ಇದೆ" ಅಂದ ಕಿಡಿ.