ಮಾಗಡಿಯಿಂದ ಬಂದ ಮೂರು ಕಾಫಿ ಗಿಡ

ನಮ್ಮಜ್ಜಿ ಚನ್ನಬಸಮ್ಮ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಚನ್ನಪಟ್ಟಣದ ಆ ಮನೆಯ ಹಿಂದೆ ಎರಡು ಎತ್ತಿನ ಗಾಡಿ ನಿಲ್ಲಿಸಿದರೆ ತುಂಬಿಹೋಗುವಷ್ಟು ಹಿತ್ತಲು. ಅಷ್ಟರಲ್ಲೇ ಒಂದು ಹಲಸು, ಒಂದು ಸೀಬೆ, ಎರಡು ಪರಂಗಿ, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಹಲಸಿನ ನೆರಳಲ್ಲಿ ಮೂರು ಕಾಫಿ ಗಿಡ. ಬಯಲುಸೀಮೆಯಲ್ಲಿ ಕಾಫಿಯೇ ಎಂದು ಮೂಗು ಮುರಿದವರ ಜೊತೆ ಅವಳು ವಾದ ಮಾಡುತ್ತಿರಲಿಲ್ಲ, ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಮುಂದಿಡುತ್ತಿದ್ದಳು. ಆ ಗಿಡಗಳ ಕತೆಯನ್ನು ನಮ್ಮ ಮನೆಯ ಗಂಡಸರು ಹೇಳುವುದಿಲ್ಲ. ಅವರ ಮರ್ಯಾದೆಗೆ ಅದು ಒಗ್ಗುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಅಜ್ಜಿಯ ಅಪ್ಪ ಗವಿಸಿದ್ದಯ್ಯ ಮಾಗಡಿಯವನು. ಹರೆಯದಲ್ಲಿ ಚಿಕ್ಕಮಗಳೂರಿನ ಕಡೆ ಬಿಳಿ ದೊರೆಗಳ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದು ಊರಿಗೆ ಮರಳಿದವನು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೀರೆ, ಪಾತ್ರೆಗಳ ಜೊತೆಗೆ ಬಾಳೆಪಟ್ಟೆಯಲ್ಲಿ ಸುತ್ತಿದ ಮೂರು ಸಸಿಗಳನ್ನೂ ಗಾಡಿಯಲ್ಲಿಟ್ಟ. ಅಜ್ಜಿಯ ಮಾವ ವೃಷಭೇಂದ್ರಪ್ಪನಿಗೆ ಎಲ್ಲರೆದುರು ಹೇಳಿದ: "ನಿಮ್ ಹಿತ್ಲಲ್ಲಿ ನೆಳ್ಳೈತೆ, ಬಚ್ಚಲ್ ನೀರೈತೆ. ನಾಕನೇ ವರ್ಸಕ್ಕೆ ನಿಮ್ಮನೆ ಕಾಫಿ ನೀವೇ ಕುಡೀತೀರಿ ಬೀಗ್ರೇ. ಇದು ನನ್ ಮಾತು."

ಮೂರನೇ ವರ್ಷ, ಯುಗಾದಿ ಆಸುಪಾಸಿನ ಮೊದಲ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳು ಬೆಳ್ಳಗೆ ಹೂವಾದವು. ಮಲ್ಲಿಗೆಯಂಥದೇ ವಾಸನೆ. ಅಜ್ಜಿ ಬೆಳಗ್ಗೆ ಬೇಗ ಎದ್ದು ಒಂದು ಹೂವೂ ಬಿಡದೆ, ಕಟ್ಟಲು ಬರಲೆಂದು ತೊಟ್ಟಿನ ಸಮೇತ ಚಿವುಟಿ, ಲಿಂಗಪೂಜೆಗೆ ಇಟ್ಟಳು. ಆಮೇಲೆ ಪ್ರತಿ ವರ್ಷವೂ ಹಾಗೇ. ಮಾವ ಅಂಗೈಯಲ್ಲಿ ಲಿಂಗ ಹಿಡಿದು ಕೂತು ಆ ಹೂವನ್ನು ಏರಿಸಿ, "ಈ ವರ್ಸ ಹೂವು ಘಮ್ಮಂತೈತೆ" ಎಂದು ತಲೆದೂಗುತ್ತಿದ್ದ. ಹೂವಿಂದ ಕಾಯಾಗುತ್ತದೆಂದು ಇವರಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಮಾವಿನ ಹೂವನ್ನು ಯಾರೂ ಕೀಳುತ್ತಿರಲಿಲ್ಲ. ಆದರೆ ಬೆಳ್ಳಗಿದ್ದು ಘಮ್ಮೆನ್ನುವ ಹೂವನ್ನು ಕಂಡರೆ ನಮ್ಮವರ ಕೈ ತಾನಾಗಿ ದೇವರ ಕಡೆ ಹೋಗುತ್ತದೆ. ಪಕ್ಕದಲ್ಲೇ ಹಲಸು ಕಾಂಡದಿಂದ ಕಾಯಿ ಬಿಡುತ್ತಿತ್ತಲ್ಲ, ಇದೂ ಹಾಗೆ ಎಲ್ಲಿಂದಲೋ ಬಿಟ್ಟೀತು ಎಂದು ಅಜ್ಜಿ ಕಾದಳು.

ನಾಲ್ಕನೇ ವರ್ಷ ಕಾಯಿಲ್ಲ, ಐದನೇ ವರ್ಷವೂ ಇಲ್ಲ. ಆ ದೀಪಾವಳಿಗೆ ಬಂದ ಗವಿಸಿದ್ದಯ್ಯ ನೆಂಟರ ಸಾಲಿನಲ್ಲಿ ಊಟಕ್ಕೆ ಕೂತಿದ್ದಾಗ ಮಾವ ಅಂದ: "ಬೀಗ್ರು ಗೊಡ್ಡು ಗಿಡ ಕೊಟ್ಟು ದೊಡ್ಡ ಮಾತಾಡ್ಬುಟ್ರು. ಇನ್ನುಳಿದ್ ಮಾತೂ ಹಿಂಗೇ ಏನೋ." ಗವಿಸಿದ್ದಯ್ಯ ಎಲೆ ಬಿಟ್ಟು ಎದ್ದ. ಅವತ್ತಿನಿಂದ ಹತ್ತಿರ ಹತ್ತಿರ ಮೂರು ವರ್ಷ ಅವನು ಈ ಹೊಸಿಲು ತುಳಿಯಲಿಲ್ಲ. ಮಾವ ಸೊಸೆಯನ್ನು ತೌರಿಗೆ ಕಳಿಸಲೂ ಇಲ್ಲ. ನಮ್ಮ ತಾತನೋ, ಅಪ್ಪನೆದುರು ಕೆಮ್ಮುವುದಕ್ಕೂ ಹೆದರುವ ಗಂಡಸು. ಅಜ್ಜಿಗೆ ತಾಯಿ ಇರಲಿಲ್ಲ, ಇದ್ದವನು ಅಪ್ಪ ಒಬ್ಬನೇ. ಕಾಯಿ ಬಿಟ್ಟರೆ ಅಪ್ಪ ಬರುತ್ತಾನೆಂದು ಅವಳು ಬಿಂದಿಗೆ ಮೇಲೆ ಬಿಂದಿಗೆ ನೀರು ಸುರಿದಳು, ಕುರಿಗೊಬ್ಬರ ಹಾಕಿದಳು. ಹೂವು ಇನ್ನೂ ಜಾಸ್ತಿ ಬಂತು. ಅದನ್ನೂ ಕಿತ್ತು ಏರಿಸಿ, ಅಪ್ಪ ಬರಲಿ ಎಂದು ಬೇಡಿಕೊಂಡಳು.

ಎಂಟನೇ ವರ್ಷ ಸಂಕ್ರಾಂತಿ ಕಳೆದ ಮೇಲೆ ಬೀದಿಯಲ್ಲಿ ಇಲಿ ಬಿತ್ತು. ಅದು ಪ್ಲೇಗಿನ ಕಾಲ, ಇಲಿ ಸತ್ತು ಬಿತ್ತೆಂದರೆ ಬೀದಿಗೆ ಬೀದಿಯೇ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳಬೇಕು. ಬಾಗಿಲಿಗೆ ಬೀಗ ಹಾಕುತ್ತಾ ಮಾವ ಹೇಳಿದ: "ವಾಪಸ್ ಬಂದೇಟ್ಗೆ ಆ ಗೊಡ್ಡುಗಳ್ನ ಕಿತ್ತು ಹಿಪ್ಪುನೇರಳೆ ಹಾಕ್ತೀನಿ."

ಮರಳಿ ಬಂದದ್ದು ಆಷಾಢದಲ್ಲಿ. ನೀರಿಲ್ಲದೆ ಎಲ್ಲ ಒಣಗಿ ಕಡ್ಡಿಯಾಗಿರುತ್ತದೆಂದು ಎದೆ ಗಟ್ಟಿ ಮಾಡಿಕೊಂಡು ಹಿತ್ತಲಿಗೆ ಹೋದರೆ ಮೂರೂ ಗಿಡ ಹಸಿರಾಗಿ ನಿಂತಿದ್ದವು. ಗೆಣ್ಣು ಗೆಣ್ಣಿಗೂ ಕಾಯಿಯ ಗೊಂಚಲು. ಅಜ್ಜಿ ಅಲ್ಲೇ ಕೂತುಬಿಟ್ಟಳು.

ಮೋಟುಗೋಡೆಯಾಚೆಯಿಂದ ಪಕ್ಕದ ಮನೆಯ ಕರೀಮುನ್ನೀಸಾ ಇಣುಕಿದಳು. ಅವಳ ಗಂಡ ಮರದ ಬೊಂಬೆ ಮಾಡುವವನು. ಕೆಲಸ ಬಿಟ್ಟರೆ ಹೊಟ್ಟೆಗಿಲ್ಲವೆಂದು ಗಂಡ ಹೆಂಡತಿ ಪ್ಲೇಗಿಗೂ ಹೆದರದೆ ಹಗಲು ಮನೆಗೆ ಬಂದು ಸಂಜೆ ಗುಡಿಸಲಿಗೆ ಹೋಗುತ್ತಿದ್ದರು.

"ನೀರು ನಾನೇ ಹಾಕ್ದೆ ಅಕ್ಕಾ, ದಿನಾ ಎರಡು ಬಿಂದ್ಗೆ," ಎಂದಳು. "ಮಳೆ ಬಿದ್ಮೇಲೆ ಹೂವು ತುಂಬ್ಕಂಡಿತ್ತು. ಕಿತ್ತು ನಿಮ್ಗೆ ತಂದ್ಕೊಡೋಣ ಅನ್ನಿಸ್ತು. ನಿಮ್ ದೇವ್ರ ಹೂವು, ನಾನ್ ಹೆಂಗೆ ಮುಟ್ಲಿ ಅಂತ ಬುಟ್ಬುಟ್ಟೆ."

ಅಜ್ಜಿ ಎದ್ದು ಒಂದು ರೆಂಬೆಯನ್ನು ಹತ್ತಿರ ಎಳೆದು ನೋಡಿದಳು. ಒಂದೊಂದು ಕಾಯಿಯೂ ತಾನು ವರ್ಷ ವರ್ಷ ಹೂವು ಚಿವುಟುತ್ತಿದ್ದ ಜಾಗದಲ್ಲೇ ಕೂತಿತ್ತು. ಎಲ್ಲ ಅರ್ಥವಾಯಿತು. ಕರೀಮುನ್ನೀಸಾಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಅವಳ ಋಣ ತೀರಿಸುವಂಥದ್ದಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದಳು. ವರ್ಷದ ಮೊದಲ ಸೇರು ಕಾಫಿ ಬೀಜ ಆ ಗೋಡೆ ದಾಟಿದ ಮೇಲೆಯೇ ನಮ್ಮ ಮನೆಯಲ್ಲಿ ಹುರಿಯುವುದು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಅಜ್ಜಿ ನೇರ ಪಡಸಾಲೆಗೆ ಹೋಗಿ ಮಾವನ ಮುಂದೆ ನಿಂತಳು.

"ತಪ್ಪು ನಂದು ಮಾವಯ್ಯ. ಕಾಯಾಗೋ ಹೂವ್ನೆಲ್ಲ ಐದು ವರ್ಸ ನಾನೇ ಕಿತ್ತಿವ್ನಿ. ನಮ್ಮಪ್ಪ ಸುಳ್ಳು ಹೇಳಿರ್ನಿಲ್ಲ."

ಮಾವ ಬಯ್ಯೋಣವೆಂದರೆ ಆ ಹೂವನ್ನೆಲ್ಲ ಏರಿಸಿದವನು ಅವನೇ. "ನಾನೂ ಏರ್ಸಿವ್ನಿ ಬುಡವ್ವ," ಎಂದ ಕೊನೆಗೆ. ಮಾರನೆಯ ದಿನವೇ ಗಾಡಿ ಕಟ್ಟಿಸಿ ಸೊಸೆಯನ್ನು ಕೂರಿಸಿಕೊಂಡು ಮಾಗಡಿಗೆ ಹೊರಟ.

ಜಗಲಿಯಲ್ಲಿದ್ದ ಗವಿಸಿದ್ದಯ್ಯ ಬೀಗನನ್ನು ಕಂಡು ಎದ್ದು ನಿಂತ. ಮಾವ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ನಡೆದದ್ದನ್ನೆಲ್ಲ ಹೇಳಿ, "ಎಲೆ ಮುಂದೆ ಕೂತೋರ್ಗೆ ಹಂಗನ್ನಬಾರ್ದಾಗಿತ್ತು. ತಪ್ಪಾಯ್ತು" ಎಂದ. ಅಷ್ಟರಲ್ಲಿ ಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದ ಅಜ್ಜಿ "ಅಪ್ಪಾ" ಎಂದು ಕೂಗಿದಳು. ಇಬ್ಬರೂ ಹೋಗಿ ನೋಡಿದರೆ ಬಾವಿ ಪಕ್ಕ ಆಳೆತ್ತರದ ಕಾಫಿ ಗಿಡ, ಕಾಯಿಯ ಭಾರಕ್ಕೆ ರೆಂಬೆಗಳೆಲ್ಲ ಬಾಗಿದ್ದವು.

"ನಿನ್ ಜೊತೆ ಕಳ್ಸಿದ್ನಲ್ಲ, ಅದೇ ಸಸಿಗಳ ಜೊತೇದು," ಎಂದ ಗವಿಸಿದ್ದಯ್ಯ ನೆಲ ನೋಡುತ್ತಾ. "ನಾಕನೇ ವರ್ಸದಿಂದ ಕಾಯ್ ಬುಡ್ತಾ ಐತೆ."

ಮಾವನಿಗೆ ತಲೆಬುಡ ತಿಳಿಯಲಿಲ್ಲ. "ಹಂಗಾರೆ ಅವತ್ತೇ ಯಾಕ್ ಹೇಳ್ನಿಲ್ಲ ಬೀಗ್ರೇ? ಒಂದ್ ಹಿಡಿ ಹಣ್ಣು ತಂದು ಮುಂದೆ ಸುರ್ದಿದ್ರೆ ನನ್ ಬಾಯ್ ಮುಚ್ಚೋದು."

"ಸುರೀಬೋದಾಗಿತ್ತು. ಆಮೇಲೆ ನೀವು ಅನ್ನೋರು, ಅಪ್ಪನ್ ಮನೇಲಿ ಬುಟ್ಟಿದ್ದು ನಮ್ಮನೇಲಿ ಯಾಕ್ ಬುಡ್ನಿಲ್ಲ, ಆ ಹೆಣ್ಣಿನ್ ಕೈಗುಣ ಅಂತ. ನನ್ನ ಅಂದ್ರೆ ನಾನು ಎದ್ದು ಮಾಗಡಿಗೆ ಬತ್ತೀನಿ. ಅವ್ಳು ಅಲ್ಲೇ ಬಾಳ್ಬೇಕಲ್ವಾ?"

ಎಂಬತ್ತರ ವಯಸ್ಸಿನಲ್ಲೂ ಕತೆ ಇಲ್ಲಿಗೆ ಬಂದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತಿದ್ದಳು: "ಅದಾದ್ಮೇಲೆ ಹನ್ನೊಂದು ವರ್ಸ ಬದುಕಿದ್ದ ಕಣವ್ವ ನಮ್ಮಪ್ಪ. ಹನ್ನೊಂದು ವರ್ಸಾನೂ ಬಂದು ನನ್ ಕೈಲಿ ಉಂಡು ಹೋದ."