ಕಾಯಂ ಅಲ್ಲದ ಡಾಕ್ಟರ್‌ಬಾಯಿ

"ಬಾಯಾರ, ನೀವು ಕಾಯಂ ಏನ್ರಿ, ತಾತ್ಪುರತೆ ಬಂದೀರಿ?"

ನಿಪ್ಪಾಣಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನನ್ನ ಮೊದಲ ರೋಗಿ, ಬೀಡಿ ಕಟ್ಟುವ ತಾನೂಬಾಯಿ, ಕೂರುವ ಮೊದಲೇ ಕೇಳಿದ ಪ್ರಶ್ನೆ ಇದು. ತಾತ್ಪುರತೆ ಅಂದರೆ ಮರಾಠಿಯಲ್ಲಿ ಸದ್ಯದ ಮಟ್ಟಿಗೆ. ಹೌದೆಂದೆ. "ಹಂಗಾರ ಕೆಮ್ಮಿನ ಔಷಧ ಅಷ್ಟ ಬರದ ಕೊಡ್ರಿ. ಉಳದದ್ದು ಕಾಯಂ ಡಾಕ್ಟರ್ ಬಂದಮ್ಯಾಲ ಹೇಳ್ತೇನಿ" ಎಂದು ಎದ್ದೇಬಿಟ್ಟಳು. ಗಂಡನ ವರ್ಗಾವಣೆಯ ಬೆನ್ನು ಹಿಡಿದು ಮುಳಬಾಗಿಲಿನಿಂದ ಅಷ್ಟು ದೂರ ಹೋದವಳಿಗೆ ಮೊದಲ ದಿನವೇ ಹೀಗಾದರೆ ಕೋಪ ಬಾರದೆ ಇರುತ್ತದೆಯೇ?

ಆಕೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ರಜೆಯ ಮೇಲಿದ್ದ ವೈದ್ಯರೊಬ್ಬರ ಬದಲಿಗೆ ನಾನು ಬಂದಿದ್ದೆ. ಒಪ್ಪಂದದ ಪ್ರಕಾರ ನಾನು 'ಸ್ವತಂತ್ರ ವೈದ್ಯೆ', ನೌಕರಳಲ್ಲ. ಎಂಥ ಸ್ವಾತಂತ್ರ್ಯ ಅಂತೀರಿ! ಒಂಬತ್ತಕ್ಕೆ ಹಾಜರಿ ಸಹಿ, ಅವರೇ ಕೊಟ್ಟ ಬಿಳಿ ಕೋಟು. ಗೆಳತಿಯ ಮದುವೆಗೆಂದು ಕಾಗವಾಡಕ್ಕೆ ಹೋಗಲು ಮುಂಚೆಯೇ ಅರ್ಜಿ ಬರೆದುಕೊಡಬೇಕಾಯಿತು.

ರಜೆಯ ಮೇಲೆ ಹೋದ ವೈದ್ಯರು ಮರಳಲೇ ಇಲ್ಲ; ಮೂರು ತಿಂಗಳಿಗೆಂದು ಹೋದವಳು ಒಪ್ಪಂದದ ಕಾಗದ ಬದಲಿಸುತ್ತ ಎರಡು ವರ್ಷ ಉಳಿದೆ. ನಮಗಿಬ್ಬರಿಗೆ ರೂಮು ಸಿಕ್ಕಿದ್ದು ತಂಬಾಕಿನ ಗೋದಾಮಿನ ಹಿಂದೆ. ಮೊದಲ ವಾರವೆಲ್ಲ ಬರೀ ಸೀನು. ನಮ್ಮಲ್ಲಿ ತೆಲುಗು ಬೆರೆತ ಹಾಗೆ ಅಲ್ಲಿ ಮಾತಿಗೆ ಮರಾಠಿ ಬೆರೆಯುತ್ತದೆ. ಮುದ್ದೆ ನುಂಗಿ ಬೆಳೆದ ನನಗೆ ನರ್ಸ್ ಶಕುಂತಲಕ್ಕ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಂದು, ಅಗಿದು ತಿನ್ನುವುದನ್ನು ಕಲಿಸಿದರು. ಅಂತೂ ಒಂದು ದಿನ ತಾನೂಬಾಯಿ ತಾನಾಗಿಯೇ ಬಂದು ಕುಳಿತು, ಉಳಿದದ್ದನ್ನೆಲ್ಲ ಹೇಳಿದಳು. ಆ ದಿನ ನನಗಾದ ಸಂತೋಷ ಡಾಕ್ಟರ್ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಆಮೇಲೆ ನಾನು ಬಸುರಿಯಾದೆ. ಆಸ್ಪತ್ರೆಯ ಮಾಲೀಕರು ಮೆತ್ತಗೆ ಹೇಳಿದರು: "ನೀವು ನೌಕರರಲ್ಲರಿ ಮೇಡಂ, ಹೆರಿಗಿ ರಜಾ ನಿಮಗ ಬರೂದಿಲ್ಲ. ಒಪ್ಪಂದ ಇಲ್ಲಿಗೆ ಮುಗೀತು. ಮುಂದ ಜಾಗಾ ಇದ್ರ ನೋಡೂಣು." ಬಾಣಂತನ ಮುಗಿಸಿ ಬಂದರೆ ಆ ಕುರ್ಚಿ ನನಗಿರುತ್ತದೆಯೇ? ಅದೊಂದೇ ಚಿಂತೆ ಹತ್ತಿತು.

ಹೊರಡುವ ವಾರ ನರ್ಸುಗಳು, ಆಯಾಗಳು ಸೇರಿ ನನಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕುಬಸ ಮಾಡಿದರು. ನಮ್ಮ ಸೀಮಂತದಂಥದ್ದೇ. ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದರು. ನಾನೋ, ಇದು ಬೀಳ್ಕೊಡುಗೆ ಎಂದುಕೊಂಡು ಎಲ್ಲರಿಗೂ ಕೈಮುಗಿದು, ಒಗೆದು ಮಡಚಿದ್ದ ಕೋಟನ್ನು ಒಪ್ಪಿಸಲು ಹೋದೆ. ಶಕುಂತಲಕ್ಕ ಸಿಟ್ಟಾದರು. "ಏನ್ ಮಾಡಾಕತ್ತೀರಿ? ಉಡಿ ತುಂಬಿ ಕಳಿಸೂದು ಹೊಳ್ಳಿ ಬರ್ಲಿ ಅಂತ್ರಿ!" ಎಂದು ಕೋಟನ್ನು ಕಿತ್ತುಕೊಂಡು ಅದರ ಗೂಟಕ್ಕೇ ತೂಗುಹಾಕಿದರು. ಹೊಳ್ಳಿ, ಅಂದರೆ ಮರಳಿ, ಬರಬೇಕಾದವಳು ನಾನು! ಅಲ್ಲೇ ಅತ್ತುಬಿಟ್ಟೆ.

ಈಗ ಮುಳಬಾಗಿಲಿನಲ್ಲಿ ಅಮ್ಮನ ಆರೈಕೆಯಲ್ಲಿದ್ದೇನೆ. ಮಗಳಿಗೆ ಎರಡು ತಿಂಗಳು. ಆ ಹಸಿರು ಸೀರೆಯನ್ನೇ ಅವಳಿಗೆ ಹೊದಿಸುತ್ತೇನೆ; ಎಷ್ಟು ಒಗೆದರೂ ತಂಬಾಕಿನ ವಾಸನೆ ಹೋಗಿಲ್ಲ. ಹೋಗುವುದು ನನಗೂ ಬೇಕಾಗಿಲ್ಲ.

ನಿನ್ನೆ ಶಕುಂತಲಕ್ಕ ಫೋನ್ ಮಾಡಿದ್ದರು. ನನ್ನ ಕುರ್ಚಿಗೆ ಹೊಸ ಡಾಕ್ಟರ್ ಬಂದಿದ್ದಾರಂತೆ, ಅವರೂ ಒಪ್ಪಂದದ ಮೇಲೆ. ತಾನೂಬಾಯಿ ಅವರನ್ನೂ ಅದೇ ಪ್ರಶ್ನೆ ಕೇಳಿದಳಂತೆ. ಅವರು ತಾತ್ಪುರತೆ ಎಂದಾಗ, "ಹೌದ್ ಬಿಡ್ರಿ, ನಮ್ಮ ಕಾಯಂ ಬಾಯಾರು ಬಾಣಂತನಕ್ಕ ತವರಮನಿಗೆ ಹೋಗ್ಯಾರ" ಅಂದಳಂತೆ.

ಫೋನ್ ಇಟ್ಟು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಮ್ಮ ಒಳಗಿನಿಂದ ಕೇಳಿದರು, "ಯಾರಮ್ಮ ಫೋನಲ್ಲಿ?"

"ನಮ್ಮೂರವರು" ಅಂದೆ.

"ನಮ್ಮೂರವರಾ? ಯಾವ ಬೀದಿಯವರೇ?"