ಒಬ್ಬಳೇ ತಿನ್ನದ ಗುಳಿಗೆ

ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಕೋಥರೂಡದ ಫ್ಲ್ಯಾಟಿನಲ್ಲಿ ನನಗೆ ಉಳಿದದ್ದು ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕುವ ಕೆಲಸವೊಂದೇ. ಆ ಪುಣ್ಯ ಸಾಕೆನಿಸಿ, ತಿಂಗಳಿಗೊಮ್ಮೆ ಪರಿಚಯದ ಡಾಕ್ಟರರ ಜೀಪು ಹತ್ತಿ ಸಾಸವಡದ ಆಚೆ ಗುಡ್ಡದ ಮೇಲಿನ ಆದಿವಾಸಿಗಳ ವಾಡಿಗೆ, ಅಂದರೆ ಪುಟ್ಟ ಹಟ್ಟಿಗೆ, ಹೋಗತೊಡಗಿದೆ. ಬಿಪಿ, ಸಕ್ಕರೆ ಕಾಯಿಲೆಗಳು ನಮ್ಮಂಥ ಕೂತು ತಿನ್ನುವವರ ಸ್ವತ್ತು ಎಂದುಕೊಂಡಿದ್ದೆ. ಮೊದಲ ದಿನವೇ ನನ್ನ ಜಂಬ ಇಳಿಯಿತು. ಗೆಡ್ಡೆ, ಸೊಪ್ಪು ಕಡಿಮೆಯಾಗಿ, ಬಿಸ್ಕತ್ತು, ಸಕ್ಕರೆ ಚಹಾ ಗುಡ್ಡ ಹತ್ತಿದ್ದವು. ಕಾಯಿಲೆಗಳೂ ಹಿಂದೆಯೇ ಹತ್ತಿದ್ದವು.

ವಾಡಿಯ ಹಿರಿಯಜ್ಜಿಯ ಬಿಪಿ ನೋಡಿ ಡಾಕ್ಟರರೇ ಗಾಬರಿಯಾದರು. ಹೀಗೇ ಬಿಟ್ಟರೆ ಲಕ್ವಾ ಹೊಡೆಯುತ್ತದೆ ಎಂದರು. ತಿಂಗಳಿಗಾಗುವಷ್ಟು ಗುಳಿಗೆ ಕೊಟ್ಟು ಬಂದೆವು. ಮುಂದಿನ ತಿಂಗಳು ನೋಡಿದರೆ ಬಿಪಿ ಇದ್ದಲ್ಲೇ ಇತ್ತು. ಅಜ್ಜಿ ಆಡುವುದು ಆ ಸೀಮೆಯ ಮರಾಠಿ. ಧಾರವಾಡದಲ್ಲಿ ಬೆಳೆದ ನನ್ನ ಕಿವಿಗೆ ಅದು ಅಲ್ಲಿಯ ಕನ್ನಡವಾಗಿಯೇ ಬೀಳುತ್ತದೆ, ಹಾಗೇ ಬರೆಯುತ್ತೇನೆ.

"ಆಯಿ, ಗುಳಿಗಿ ತಗೊಂಡಿರೋ ಇಲ್ಲೋ?"

"ತಗೊಂಡೇನಲ್ಲ. ನಾ ಎರಡು, ಉಳಿದ ಮನ್ಯಾಗೂ ಎರಡೆರಡು."

ಇಡೀ ವಾಡಿಗೆ ಹಂಚಿದ್ದಳು! ಜೇನು ಸಿಕ್ಕರೂ ಮೀನು ಸಿಕ್ಕರೂ ಮನೆಮನೆಗೆ ಪಾಲು ಹಾಕುವುದು ಅಲ್ಲಿಯ ಪದ್ಧತಿ. ಬಿಪಿಯೇ ಇಲ್ಲದ ಅವಳ ಅಳಿಯ ತಲೆ ತಿರುಗಿ ಮಲಗಿದ್ದನಂತೆ. ನನಗೆ ನಗು, ಸಿಟ್ಟು, ಹೆದರಿಕೆ ಒಟ್ಟಿಗೇ ಬಂದವು.

"ಇದು ಮೀನಲ್ರೀ ಆಯಿ! ನಿಮ್ಮ ಗುಳಿಗಿ ನೀವ ತಿನಬೇಕು."

"ಒಬ್ಬಾಕೀನ ಕೂತು ತಿನ್ನೂದು ನಮಗ ಗೊತ್ತಿಲ್ಲ ಅಕ್ಕಾರ."

ಹಟಕ್ಕೆ ಹಟ. ಅಜ್ಜಿಯೂ ಸೇರಿ ವಾಡಿಯಲ್ಲಿ ಬಿಪಿ ಇದ್ದ ಐವರನ್ನು ಕರೆದು, ಅವರವರ ಗುಳಿಗೆ ಅವರವರ ಕೈಗಿಟ್ಟು, ದಿನಾ ಬೆಳಿಗ್ಗೆ ನಲ್ಲಿಯ ಹತ್ತಿರ ಜೊತೆಗೇ ಕೂತು ನುಂಗಿ ಎಂದೆ. ಅಜ್ಜಿ ಒಪ್ಪಿದಳು. ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು.

"ನಿಮಗೇನೂ ಇಲ್ಲೇನ್ರಿ?"

ನನ್ನ ಸಕ್ಕರೆ ಕಾಯಿಲೆಯ ಗುಳಿಗೆ ಎರಡು ವಾರದಿಂದ ಚೀಲದಲ್ಲೇ ಬಿದ್ದಿತ್ತು. ಸೊಸೆ ಕೇಳಿದಾಗಲೆಲ್ಲ ತಗೊಂಡೆ ಎಂದು ಬೊಗಳೆ ಬಿಟ್ಟಿದ್ದೆ. ಊರಿಗೆಲ್ಲ ಗುಳಿಗೆ ನುಂಗಿಸಿದವಳಿಗೆ ತನ್ನದು ಮಾತ್ರ ಬೇಡ! ನಾಚಿಕೆಯಿಂದ ಚೀಲ ಬಿಚ್ಚಿದೆ. ನಾನು ನುಂಗುವವರೆಗೂ ಅಜ್ಜಿಯ ಕೈ ಬಾಯಿಗೆ ಹೋಗಲಿಲ್ಲ.

ಜೀಪು ಹತ್ತುವಾಗ ಅವಳು ಹೇಳಿದಳು: "ಅಲ್ಲೂ ಇದ ಹೊತ್ತಿಗೆ ತಗೋರಿ. ನೀವು ಬಿಟ್ರ ನಾನೂ ಬಿಡತೇನಿ."

ಹೇಳಿದ್ದನ್ನು ಮಾಡುವ ಹೆಂಗಸು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ ನಾನು.